ತೊಳೆಯುವ ದಿನ

ಸಂಶೋಧನೆಯ ಡಾಕ್ಟರರಿಗೆ,

ಮಾಜಿ ಸೈನಿಕರ ಮೆದುಳಿನ ಪರೀಕ್ಷೆಗೆಂದು ನಮ್ಮ ಯಜಮಾನರನ್ನು ಡಯಾಲಿಸಿಸ್ ಕುರ್ಚಿಯಿಂದ ಎಬ್ಬಿಸಿಕೊಂಡು ಹೋದಿರಿ. "ಇವತ್ತು ಯಾವ ದಿನ?" ಎಂದು ಕೇಳಿದಿರಿ. "ರಕ್ತ ತೊಳೆಯೋ ದಿನ ಸಾರ್" ಎಂದರು. ನೀವು ನಕ್ಕು ಸೊನ್ನೆ ಹಾಕಿದಿರಿ. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ದಿನಗಳಿಗೆ ಎರಡೇ ಹೆಸರು: ತೊಳೆಯುವ ದಿನ, ತೊಳೆಯದ ದಿನ.

ಪರೀಕ್ಷೆ ಮುಗಿಯುವಷ್ಟರಲ್ಲಿ ಕುರ್ಚಿ ಬೇರೆಯವರ ಪಾಲಾಗಿತ್ತು. ಈಗ ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ನಿಮ್ಮಿಂದ ಬಂದದ್ದು "ಮರೆವಿನ ಲಕ್ಷಣ" ಎಂಬ ಕಾಗದ, ಜೊತೆಗೆ ಸತ್ತ ಮೇಲೆ ಮೆದುಳು ಕೊಡುವ ಒಪ್ಪಿಗೆಯ ಫಾರಂ. ಥೂ! ರಣಹದ್ದು ಕೂಡ ಉಸಿರು ನಿಲ್ಲುವವರೆಗೆ ಕಾಯುತ್ತದೆ.

ಸಹಿ ಹಾಕಿಲ್ಲ. ನಾಳೆ ಬೆಳಿಗ್ಗೆಯೇ ಕುರ್ಚಿ ಕೊಡಿಸಿ. ಆ ಸೊನ್ನೆಯನ್ನೂ ಹೊಡೆದುಹಾಕಿ. ಅವತ್ತು ಯಾವ ದಿನವೆಂದು ಆ ಕೋಣೆಯಲ್ಲಿ ನೆನಪಿದ್ದದ್ದು ಅವರೊಬ್ಬರಿಗೇ.

ಇಂತಿ,
ಆ ಸಿಪಾಯಿಯ ಹೆಂಡತಿ