ಸರೋಜ ಆಡಿದ ಮೊದಲ ಮಾತು

ಮಧುಗಿರಿ
೧೪ನೇ ಏಪ್ರಿಲ್ ೧೯೩೬

ಪ್ರೀತಿಯ ಯಜಮಾನರಿಗೆ ನಿಮ್ಮ ಕರಿಬಸಮ್ಮನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮೈಸೂರಿನ ಹೋಟೆಲಿನ ಊಟ ಒಗ್ಗದಿದ್ದರೆ ನಾನು ಕಳಿಸಿದ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ತಿನ್ನಿ, ಹಟ ಮಾಡಬೇಡಿ. ಇಲ್ಲಿ ಯುಗಾದಿ ಕಳೆದದ್ದೇ ತಡ, ಬೆಟ್ಟದ ಬಂಡೆ ಕಾದು ಸಂಜೆಯಾದರೂ ಊರ ಮೇಲೆ ಬಿಸಿ ಉಗುಳುತ್ತಿದೆ. ನಮ್ಮಮ್ಮ ತೀರಿಕೊಂಡ ತಂತಿ ತಲುಪಿತೆಂದೂ ಪರೀಕ್ಷೆ ಬಿಟ್ಟು ಬರಲಾಗಲಿಲ್ಲವೆಂದೂ ಬರೆದಿದ್ದೀರಿ. ಅದಕ್ಕೆ ನನಗೆ ಬೇಸರವಿಲ್ಲ. ಕಾಗದದ ಕೊನೆಗೆ "ಸರೋಜ ಏನಾದರೂ ಮಾತಾಡಿದಳೇ" ಎಂದು ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಬರೆಯಲು ನನಗೆ ಎಂಟು ದಿನ ಹಿಡಿಯಿತು.

ನೀವು ಮೇಷ್ಟ್ರ ಟ್ರೈನಿಂಗಿಗೆ ಹೋದ ಹೊಸದರಲ್ಲಿ ಬರೆದ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಮಗುವಿನ ಮನಸ್ಸು ಒರೆಸಿಟ್ಟ ಸ್ಲೇಟು, ಕೇಳಿದ್ದನ್ನೇ ಅನುಕರಿಸಿ ಮಾತು ಕಲಿಯುತ್ತೆ ಎಂದು ನಿಮ್ಮ ಒಬ್ಬ ಮೇಷ್ಟ್ರು. ಇಲ್ಲ, ಕಾಳಿನೊಳಗೆ ಮೊಳಕೆ ಇರುವಂತೆ ಮಾತು ಮಗುವಿನೊಳಗೇ ಇರುತ್ತೆ ಎಂದು ಇನ್ನೊಬ್ಬರು. ನೀವು ಸ್ಲೇಟಿನ ಕಡೆ ನಿಂತಿರಿ. ಸರೋಜನಿಗೆ ಮೂರು ತುಂಬಿದರೂ ಒಂದು ಮಾತಿಲ್ಲ. ಪಾವಗಡದಿಂದ ಬಂದ ನಮ್ಮಮ್ಮನ ತೆಲುಗು, ನಮ್ಮ ಕನ್ನಡ ಎರಡೂ ಒಂದೇ ಸ್ಲೇಟಿನ ಮೇಲೆ ಬಿದ್ದು ಕಲಸಿಹೋಗಿವೆ, ಇನ್ನು ಮಗುವಿನ ಮುಂದೆ ತೆಲುಗು ಬೇಡ ಎಂದಿರಿ. ಪಕ್ಕದ ಮನೆ ಲಕ್ಷ್ಮಕ್ಕ "ಅದ್ಯಾವ ಕಾಲೇಜ್ ಕಣಮ್ಮ, ಬಜೆ ತೇದು ನಾಲಿಗೆಗೆ ಹಚ್ಚು, ಅಂಗೇ ಬತ್ತದೆ ಮಾತು" ಅಂದಳು. ಅದನ್ನೂ ಮಾಡಿದೆ. ಅಮ್ಮ ನಕ್ಕು "ಪಂಡ್ಲು ವಚ್ಚಿನಟ್ಟೇ ಮಾಟಲೂ ವಸ್ತಾಯಿ" ಅಂದಳು, ಹಲ್ಲು ಬಂದ ಹಾಗೆ ಮಾತೂ ಬರುತ್ತೆ ಅಂತ. ಆದರೂ ಅಳಿಯನ ಮಾತು ಮೀರಲಿಲ್ಲ. ಅವಳಿಗೆ ಕನ್ನಡ ಬಾರದು. ಮೊಮ್ಮಗಳ ಮುಂದೆ ಮೂಕಿಯಾದಳು.

ಒಂಬತ್ತು ತಿಂಗಳು ಹಾಗೇ. ತಲೆ ಬಾಚುವಾಗ, ತುತ್ತು ಕೊಡುವಾಗ ಬರೀ ಕೈಸನ್ನೆ. ಮಗು ಅವಳ ಗಲ್ಲ ಹಿಡಿದು ತುಟಿಯನ್ನೇ ನೋಡುತ್ತಿತ್ತು. ಅಮ್ಮ ತುಟಿ ಒಳಕ್ಕೆಳೆದುಕೊಂಡು ಮುಖ ತಿರುಗಿಸುತ್ತಿದ್ದಳು. ನಾನು ನೀವು ಹೇಳಿಕೊಟ್ಟಂತೆ "ಇದು ಚೆಂಬು, ಇದು ಹಸು" ಎಂದು ತೋರಿಸುತ್ತಿದ್ದೆ. ಅದು ನನ್ನ ಬೆರಳು ನೋಡಿ ಸುಮ್ಮನಾಗುತ್ತಿತ್ತು.

ಅಮ್ಮನಿಗೆ ಚಳಿಜ್ವರ ಐದೇ ದಿನ, ಜೀವ ಹೋಯಿತು. ನಮ್ಮ ಪದ್ಧತಿಯಂತೆ ಅಮ್ಮನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಮಗು ಲಕ್ಷ್ಮಕ್ಕನ ಕೈ ಕೊಸರಿಕೊಂಡು ಓಡಿಬಂದು ಅಜ್ಜಿಯ ತೊಡೆ ಏರಿತು. ಯಾರೋ ಎತ್ತಿಕೊಳ್ಳಲು ಹೋದರು, ಬಿಡಲಿಲ್ಲ. ಎರಡೂ ಕೈಯಲ್ಲಿ ಗಲ್ಲ ಹಿಡಿದು "ಅವ್ವಾ, ಮಾಟ್ಲಾಡು" ಅಂದಿತು. ಮಾತಾಡು ಅಜ್ಜೀ ಅಂತ, ಅಷ್ಟು ಸ್ಪಷ್ಟವಾಗಿ. ಮತ್ತೆ ಅಂದಿತು. ಅಜ್ಜಿ ಎಂದಿನಂತೆ ಸುಮ್ಮನಿದ್ದಾಳೆ ಅಂತಲೇ ಅದು ತಿಳಿದಿತ್ತು.

ಅದು ಎಂದೋ ಕೇಳಿದ್ದನ್ನು ಒಪ್ಪಿಸಿತೋ, ಒಳಗಿದ್ದ ಮೊಳಕೆ ಒಡೆಯಿತೋ ನಾನರಿಯೆ. ನಿಮ್ಮ ಮೇಷ್ಟ್ರಿಬ್ಬರನ್ನೂ ಕೇಳಿ ನೋಡಿ. ಆಮೇಲೆ ಇನ್ನೂ ನಾಲ್ಕಾರು ಮಾತಾಡಿದೆ, ಎಲ್ಲ ತೆಲುಗೇ. ಈಗ ನಾನೂ ಅದರೊಡನೆ ತೆಲುಗಿನಲ್ಲೇ ಆಡುತ್ತಿದ್ದೇನೆ. ನಿಮ್ಮ ಅಪ್ಪಣೆ ಕೇಳಲಿಲ್ಲ. ಬಂದ ಮೇಲೆ ಕನ್ನಡವನ್ನು ನೀವೇ ಕಲಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿ.

ನಿಮ್ಮ ಪರೀಕ್ಷೆ ಚೆನ್ನಾಗಿ ಆಗಲೆಂದು ಮನೆದೇವರಿಗೆ ದೀಪ ಹಚ್ಚಿದ್ದೇನೆ. ಬಿಸಿಲಿನಲ್ಲಿ ಬರಿತಲೆಯಲ್ಲಿ ಓಡಾಡಬೇಡಿ.

ಇಂತಿ ನಿಮ್ಮ
ಕರಿಬಸಮ್ಮ

ಇನ್ನೊಂದು. ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ತಪ್ಪೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. ಕೊನೆಯ ದಿನ ಮಧ್ಯಾಹ್ನ ಅಮ್ಮ ನನ್ನ ಸೆರಗು ಹಿಡಿದು "ಬಿಡ್ಡನಿ ತೀಸ್ಕೊನಿ ರಾ ತಲ್ಲೀ, ಒಕ್ಕ ಮಾಟ ಚೆಪ್ತಾ" ಎಂದು ಕೇಳಿದಳು. ಮಗುವನ್ನು ಕರೆದುಕೊಂಡು ಬಾ, ಒಂದೇ ಒಂದು ಮಾತು ಹೇಳುತ್ತೇನೆ ಅಂತ. ನೀವು ಆಗ ಮೈಸೂರಿನಲ್ಲಿದ್ದಿರಿ. ಬೇಡಮ್ಮಾ ಎಂದವಳು ನಾನು.