ನೌನ್ ದಾಟದ ನಮ್ಮ ತೋಟದ ಶಾಲೆ

ಉಗಾರ ಬುದ್ರುಕ
ಜುಲೈ, 1988

ಮಾನ್ಯ ಶಿಕ್ಷಣಾಧಿಕಾರಿ ಸಾಹೇಬರೇ,

ನಮ್ಮ ತೋಟದ ಶಾಲೆಗೆ ಇಂಗ್ಲಿಷಿನ ವರ್ಬ್ ಇನ್ನೂ ಬಂದಿಲ್ಲ. ಪಾರ್ಟ್ಸ್ ಆಫ್ ಸ್ಪೀಚ್ ಎಂಟು ಎಂದು ಕೇಳಿದ್ದೇವೆ. ನಮಗೆ ಮಂಜೂರಾಗಿರುವುದು ನೌನ್ ಒಂದೇ. ಬಂದ ಮಾಸ್ತರರೆಲ್ಲ ಹೆಸರು ಹೇಳುವ ಪದ ಕಲಿಸಿ, ಕೆಲಸ ಹೇಳುವ ಪದಕ್ಕೆ ಬರುವಷ್ಟರಲ್ಲಿ ತಮ್ಮ ಕಚೇರಿಯಿಂದ ವರ್ಗಾವಣೆ ಆದೇಶ ತಲುಪುತ್ತದೆ. ಮುಂದಿನವರು ಮತ್ತೆ ನೌನಿನಿಂದಲೇ ಸುರು. ಐದನೆಯ ಇಯತ್ತೆಯಿಂದ ಏಳರವರೆಗೆ ನನ್ನ ಮಗಳು ಗೌರಾಬಾಯಿ ನೌನನ್ನೇ ಕಲಿತಿದ್ದಾಳೆ.

ಪರಿಣಾಮ ಕೇಳಿ. ಮೊನ್ನೆ ನಾನು ಬಾವಿಯ ಮೋಟರು ರಿಪೇರಿ ಮಾಡುತ್ತಿದ್ದಾಗ ಹುಡುಗಿ ಓಡಿ ಬಂದು, "ಫಾದರ್! ಬಫೆಲೊ! ಶುಗರ್‌ಕೇನ್!" ಎಂದು ಕೂಗಿದಳು. ನನಗೆ ಹೆಮ್ಮೆಯಾಯಿತು. "ಶಾಬ್ಬಾಸ್ ಮಗಳ, ಇನ್ನೊಂದ್ ಹೇಳ" ಎಂದೆ. "ಮೌತ್!" ಎಂದಳು. ನನ್ನ ಶಾಬಾಸಗಿರಿ ಮುಗಿಯುವುದರೊಳಗೆ ಎಮ್ಮೆ ಎರಡು ಸಾಲು ಕಬ್ಬು ಮುಗಿಸಿತ್ತು. ಎಮ್ಮೆಗೆ ವರ್ಬ್ ಬರುತ್ತದೆ ಸಾಹೇಬರೇ, ನಮ್ಮ ಮಕ್ಕಳಿಗೆ ಬರುವುದಿಲ್ಲ.

ಇಷ್ಟು ವರ್ಗಾವಣೆ ಯಾಕೆ? ಕಾರಣ ಕಂಡುಹಿಡಿದವಳು ನನ್ನ ಹೆಂಡತಿ ರುಕ್ಮವ್ವ. ಹೋಗುವ ಮಾಸ್ತರರ ತಲೆಗೆ ಫೇಟಾ ಸುತ್ತಿ, ಹಲಗಿ ಬಾರಿಸುತ್ತ ಗಾಡಿಯಲ್ಲಿ ಮೆರೆಸಿ, ಹೋಳಿಗೆ ಉಣಿಸಿ, ಒಂದು ಪೆಂಟಿ ಬೆಲ್ಲ ಕೊಟ್ಟು ಕಳಿಸುವುದು ನಮ್ಮ ಪದ್ಧತಿ.

"ಹೋಗಾವ್ರಿಗೆ ಹೋಳಿಗಿ, ಬರಾವ್ರಿಗೆ ಬರೇ ಚಾ! ಯಾವ ಮಾಸ್ತರ ನಿಂದರ್ತಾನ್ರಿ? ಮ್ಯಾಲ ಆ ಸಾಹೇಬ್ರಿಗೂ ಒಂದ್ ಫೇಟಾ, ಒಂದ್ ಪೆಂಟಿ!" ಎಂದಳು.

ಹೌದಲ್ಲ! ಪ್ರತಿ ಬೀಳ್ಕೊಡುಗೆಗೂ ಅಧ್ಯಕ್ಷರು ತಾವೇ. ಶಾಲಾ ತಪಾಸಣೆಗೆ ಸಿಗದ ಜೀಪು ಹೋಳಿಗೆಯ ದಿನ ಮಾತ್ರ ಹೇಗೆ ಸಿಗುತ್ತದೆ?

ಗೌರಾಬಾಯಿಗೆ ಈ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ. ನಪಾಸಾದರೆ ಹೈಸ್ಕೂಲು ಬೇಡ, ಎಮ್ಮೆ ಕಾಯಲಿ ಎಂದು ಅವಳ ಅಜ್ಜಿ ಹಟ ಹಿಡಿದಿದ್ದಾಳೆ. "ಅಪ್ಪಾ, ನಾ ಸಾಲಿ ಬಿಡಂಗಿಲ್ಲ" ಎಂದು ಹುಡುಗಿ ಅಳುತ್ತಿದ್ದಾಳೆ.

ಆದ್ದರಿಂದ ಊರವರು ಠರಾವು ಮಾಡಿದ್ದೇವೆ. ಹೊಸದಾಗಿ ಬಂದ ದುರಗಪ್ಪ ಮಾಸ್ತರರಿಗೆ ಬಂದ ದಿನವೇ ಹೋಳಿಗೆ ಉಣಿಸಿದ್ದೇವೆ. ಫೇಟಾ ಮಾತ್ರ ಎಂಟನೆಯದಾದ ಇಂಟರ್ಜೆಕ್ಷನ್ ಮುಗಿದ ಮೇಲೆ. ಅಲ್ಲಿಯವರೆಗೆ ಅವರನ್ನು ಕದಲಿಸಬೇಡಿ. ಕದಲಿಸಿದರೆ ತಾವು ಬೀಳ್ಕೊಡುಗೆಗೆ ಅವಶ್ಯ ಬನ್ನಿ. ಎಲೆ ಹಾಕಿ ಕೂರಿಸುತ್ತೇವೆ. ಗೌರಾಬಾಯಿ ಎದುರು ನಿಂತು "ಹೋಳಿಗೆ, ತುಪ್ಪ, ಬೆಲ್ಲ" ಎಂದು ಸ್ಪಷ್ಟವಾಗಿ ಹೆಸರು ಹೇಳುತ್ತಾಳೆ. ಬಡಿಸುವುದು ವರ್ಬ್, ಅದು ನಮಗಿನ್ನೂ ಬಂದಿಲ್ಲ.

ಇಂತಿ,
ನೌನಿನಲ್ಲೇ ನಿಂತ ಊರಿನ ಒಬ್ಬ ಫಾದರ್,
ಮುರಗೆಪ್ಪ