ಸಂಗಮದಲ್ಲಿ ನಮ್ಮನ್ನು ಬಿಟ್ಟುಹೋದವರಿಗೆ

ವಿರೂಪಾಕ್ಷಿಪುರ
೧೧-೧೧-೨೦೨೪, ಸೋಮವಾರ

ಬಾಲರಾಜು ಅವರಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಉಯ್ಯಂಬಳ್ಳಿಯ ನಿಮ್ಮ ಅಕ್ಕನ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡುಕೊಂಡು ಚೆನ್ನಾಗಿಯೇ ಇದ್ದೀರಂತೆ. ಇಲ್ಲಿ ನಿಮ್ಮ ಅಮ್ಮನ ಮಂಡಿ ಕುಂಬಳಕಾಯಿಯಂತೆ ಊದಿದೆ. ನೀವು ಕೇಳುವವರಲ್ಲ, ಆದರೂ ತಿಳಿಸಿದ್ದೇನೆ. ನನ್ನ ಫೋನು ನಿಮ್ಮ ಕಾರಿನಲ್ಲೇ ಉಳಿದದ್ದರಿಂದ ಈ ಕಾಗದ.

ಶನಿವಾರ ಶ್ರೀರಂಗಪಟ್ಟಣಕ್ಕೆ ಹೊರಟಿದ್ದೇ ಅತ್ತೆಯ ಆಸೆಗೆ. ಹೈವೇಯಲ್ಲಿ ತಿರುವು ತಪ್ಪಿಸಿದವರು ನೀವು. ಮೈಸೂರಿನ ಹತ್ತಿರದವರೆಗೆ ಹೋಗಿ ವಾಪಸ್ ಬರುವಷ್ಟೂ ಹೊತ್ತು ಬೈದಿದ್ದು ನನ್ನನ್ನು. ಬಾಯಿ ಮುಚ್ಚಿಕೊಂಡು ಕೂತಿದ್ದೆ. ಸಂಗಮದಲ್ಲಿ ಮುಳುಗಿ ಎದ್ದ ಮೇಲೆ ಮನಸ್ಸು ಹಗುರಾಗಿ, “ಅತ್ತೆ, ನಿಮ್ಮ ಮಗ ನಮಗೆ ಪುಕ್ಕಟೆ ಮೈಸೂರೂ ತೋರಿಸಿಬಿಟ್ಟರು” ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟಕ್ಕೇ, ಅಷ್ಟು ಜನರೆದುರು, ನನ್ನ ಒದ್ದೆ ಕೆನ್ನೆಗೆ ಹೊಡೆದಿರಿ. “ಹೆಣ್ಮಗಳ ಮ್ಯಾಲೆ ಕೈ ಮಾಡ್ತೀಯೇನ್ಲಾ?” ಎಂದು ಅತ್ತೆ ನಿಮ್ಮ ಕೈ ಹಿಡಿದರೆ, ಹೆತ್ತವಳೆಂದೂ ನೋಡದೆ ತಳ್ಳಿದಿರಿ. ಅವರು ಮೆಟ್ಟಿಲ ಮೇಲೆ ಬಿದ್ದದ್ದನ್ನು ಕಂಡೂ ಕಾರು ಹತ್ತಿ ಹೋದಿರಿ, ನಮ್ಮ ಒಣಬಟ್ಟೆ, ಪರ್ಸು ಎಲ್ಲ ಸಮೇತ.

ಕಡಲೆಕಾಯಿ ಮಾರುತ್ತಿದ್ದ ಬದ್ರುನ್ನೀಸಾ ಎಂಬ ಹೆಂಗಸು ವ್ಯಾಪಾರ ಬಿಟ್ಟು ಬಂದು ಅತ್ತೆಯನ್ನು ಎಬ್ಬಿಸಿದಳು. ತನ್ನ ಮನೆಗೆ ಕರೆದೊಯ್ದು, ಇಬ್ಬರಿಗೂ ತನ್ನ ಸೀರೆ ಕೊಟ್ಟು, ಟೀ ಕುಡಿಸಿ ಬಸ್ ಹತ್ತಿಸಿದಳು. “ಯಾರಮ್ಮ ಆ ಗಂಡಸು?” ಎಂದು ಅವಳು ಕೇಳಿದಾಗ ಅತ್ತೆ ತಲೆ ತಗ್ಗಿಸಿ “ನನ್ ಮಗ” ಎಂದರಲ್ಲ, ಆಗ ನೀವು ಅಲ್ಲಿರಬೇಕಿತ್ತು.

ಬಸ್ಸು ಮದ್ದೂರು ದಾಟಿತು. ಆಗ ಅತ್ತೆ, “ನಿಮ್ಮಾವನೂ ಹಿಂಗೇ ಬಡೀತಿದ್ದ ಕಣವ್ವ. ನಾನು ಬಾಯಿ ಬುಡದೆ ಸಯಿಸ್ಕಂಡೆ. ಅದ ನೋಡ್ಕಂಡೇ ಇವ್ನು ಬೆಳುದ್ಬುಟ್ಟ” ಎಂದು ನನ್ನ ಕೈ ಹಿಡಿದು ಅತ್ತರು. ನಾನು ಅಳಲಿಲ್ಲ. ಆರು ವರ್ಷ ಬಾಗಿಲು ಹಾಕಿಕೊಂಡು ತಿಂದ ಏಟುಗಳಿಗೇ ಸಾಕಷ್ಟು ಅತ್ತಾಗಿದೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಅವರದೇನೂ ತಪ್ಪಿಲ್ಲ. ನಿಮಗೆ ತಿಳಿಸಲು ನನ್ನಲ್ಲಿ ಯಾವ ವಂದನೆಯೂ ಉಳಿದಿಲ್ಲ.

ನವ್ಯಶ್ರೀ

ಇನ್ನೊಂದು ಮಾತು, ಅಂಚೆಯವನು ಬರುವ ಹೊತ್ತಾಯಿತು. ನಾಳೆ ಬೆಳಿಗ್ಗೆ ಚನ್ನಪಟ್ಟಣದ ಪೊಲೀಸ್ ಠಾಣೆಗೆ ಹೋಗುತ್ತಿದ್ದೇವೆ. ನಾನು ಸಾಕ್ಷಿ ಮಾತ್ರ. ದೂರು ಕೊಡುವವರು ಅತ್ತೆ. “ನನ್ ಹೆಸ್ರಲ್ಲೇ ಬರ್ಸು. ಬೈರಮ್ಮ, ಬಾಲರಾಜನ ತಾಯಿ ಅಂತ” ಎನ್ನುತ್ತಿದ್ದಾರೆ.